ಹೊಳೆಯ ದಂಡೆ ಯಾರ ಸೊತ್ತು?

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸೆನೆಟ್ ಸಭೆಯಲ್ಲಿ 2025ನೆಯ ಇಸವಿಯ ಜೂನ್ ತಿಂಗಳಿನಲ್ಲಿ ನಡೆದ ಒಂದು ಪ್ರಸಂಗವು ನಮ್ಮ ವಾಚಕರ ಮನನಕ್ಕೆ ಯೋಗ್ಯವಾದುದು. ಯೂಟಾ ಪ್ರಾಂತದ ಪ್ರತಿನಿಧಿಗಳಾದ ಮೈಕ್ ಲೀ ಅವರು, ಆಯವ್ಯಯದ ಮಸೂದೆಯೊಂದಿಗೆ ಸೇರಿಸಿ, ಪಶ್ಚಿಮದ 11 ಪ್ರಾಂತಗಳಲ್ಲಿ ಸುಮಾರು 22ರಿಂದ 33 ಲಕ್ಷ ಎಕರೆ ಸರ್ಕಾರಿ ಭೂಮಿಯನ್ನು ಮಾರಿಬಿಡತಕ್ಕದ್ದೆಂಬ ಸೂಚನೆಯನ್ನು ಮುಂದಿಟ್ಟರು. ಜನರಿಗೆ ಮನೆಗಳು ಸಾಲವು, ಭೂಮಿಯನ್ನು ಮಾರಿದರೆ ಮನೆಗಳೇಳುವುವು ಎಂಬುದು ಅವರ ವಾದ. ಸೂಚನೆಯು ಹೊರಬಿದ್ದೊಡನೆಯೇ ಬೇಟೆಗಾರರು, ಮೀನು ಹಿಡಿಯುವವರು, ದೋಣಿ ನಡೆಸುವವರು, ಡೇರೆ ಹೊತ್ತು ಬೆಟ್ಟ ಹೊಳೆಗಳ ಬಳಿ ರಾತ್ರಿ ಕಳೆಯುವವರು ಎಲ್ಲರೂ ಪಕ್ಷಭೇದವನ್ನು ಮರೆತು ಎದ್ದು ನಿಂತರು. ಲೀ ಅವರ ಸ್ವಂತ ಪಕ್ಷಕ್ಕೆ ಸೇರಿದ ಐಡಾಹೋ ಮತ್ತು ಮೊಂಟಾನಾ ಪ್ರಾಂತಗಳ ಸದಸ್ಯರೇ ವಿರೋಧಿಸಿದರು. ಸಭಾನಿಯಮಗಳೂ ಅಡ್ಡಿಯಾದುವು. ಮೊದಲು ಎಕರೆಗಳ ಲೆಕ್ಕ ಕುಗ್ಗಿತು. ಕಡೆಗೆ ಜೂನ್ 28ರಂದು ಸೂಚನೆಯೇ ಹಿಂತೆಗೆಯಲ್ಪಟ್ಟಿತು.

ಬೇರೊಂದು ದೇಶದವರ ಭೂಮಿಯ ಜಗಳ ನಮಗೇಕೆ ಎಂದು ಕೆಲವರು ಕೇಳಬಹುದು. ಭೂಮಿ ಅವರದು ನಿಜ. ಆದರೆ ಅದರಿಂದ ಏಳುವ ಪ್ರಶ್ನೆ ಎಲ್ಲ ಪ್ರಜಾರಾಜ್ಯಗಳದೂ ಆಗಿದೆ. ಸರ್ಕಾರದ ಹೆಸರಿನಲ್ಲಿರುವ ಹೊಳೆದಂಡೆಯೂ ಸರೋವರದ ತೀರವೂ ಸರ್ಕಾರದ ಸೊತ್ತೇ, ಪ್ರಜೆಗಳ ಸೊತ್ತೇ? ಪ್ರಜೆಗಳದೇ ಆಗಿದ್ದರೆ, ಅವರು ಅದನ್ನು ಅನುಭವಿಸುವ ಬಗೆ ಯಾವುದು, ಕಾಯುವ ಬಗೆ ಯಾವುದು?

ಅಲ್ಲಿಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಆ ದೇಶದಲ್ಲಿ ಭೂನಿರ್ವಹಣಾ ಇಲಾಖೆಯ ವಶದಲ್ಲಿ ಸುಮಾರು 24.5 ಕೋಟಿ ಎಕರೆಯೂ, ಅರಣ್ಯ ಇಲಾಖೆಯ ವಶದಲ್ಲಿ ಸುಮಾರು 19.3 ಕೋಟಿ ಎಕರೆಯೂ ಇವೆ. ಎರಡನ್ನೂ ಕೂಡಿಸಿದರೆ ನಮ್ಮ ಕರ್ನಾಟಕದ ವಿಸ್ತೀರ್ಣದ ಒಂಬತ್ತು ಪಟ್ಟಿಗೂ ಮಿಗಿಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಸರ್ಕಾರದ ಧೋರಣೆಯು ಭೂಮಿಯನ್ನು ಹಂಚಿಬಿಡುವುದಾಗಿತ್ತು. 1862ರ ಕಾಯಿದೆಯು ಉಳುವ ಕುಟುಂಬಕ್ಕೆ 160 ಎಕರೆಯವರೆಗೆ ಕೊಟ್ಟಿತು. ಹಾಗೆ ಹಂಚಲ್ಪಟ್ಟ ನೆಲದ ಮೂಲನಿವಾಸಿಗಳನ್ನು ಹೊರದೂಡಿದ ಅನ್ಯಾಯವು ಆ ಇತಿಹಾಸದಿಂದ ಅಳಿಸತಕ್ಕದ್ದಲ್ಲ. ಶತಮಾನದ ಅನುಭವದ ಮೇಲೆ ಧೋರಣೆ ತಿರುಗಿತು. 1976ರಲ್ಲಿ ಆದ ಕಾಯಿದೆಯು, ರಾಷ್ಟ್ರಹಿತಕ್ಕೆ ಮಾರಾಟವೇ ಅಗತ್ಯವೆಂದು ಸಿದ್ಧವಾದ ಹೊರತು, ಉಳಿದ ಭೂಮಿಯು ರಾಷ್ಟ್ರದ ಒಡೆತನದಲ್ಲಿಯೇ ಇರತಕ್ಕದ್ದೆಂದು ಸಾರಿತು.

ಈ ಭೂಮಿಯ ಬಹುಭಾಗದಲ್ಲಿ ಯಾವ ಪ್ರಜೆಯಾದರೂ, ಪ್ರತ್ಯೇಕವಾಗಿ ನಿಷೇಧಿಸಿದ ಸ್ಥಳಗಳನ್ನು ಬಿಟ್ಟು, ಹೊಳೆಯ ಹತ್ತಿರವೋ ಕೆರೆಯ ಹತ್ತಿರವೋ ಡೇರೆ ಹಾಕಿ ಬಿಡಾರ ಮಾಡಬಹುದು. ಅಲ್ಲಿ ಕೊಠಡಿಯಿಲ್ಲ, ನಲ್ಲಿಯಿಲ್ಲ, ದೀಪವಿಲ್ಲ, ಶೌಚಗೃಹವಿಲ್ಲ, ಬಾಡಿಗೆಯನ್ನು ಕೇಳುವವರೂ ಇಲ್ಲ. ಇಂಥ ಸೌಕರ್ಯಹೀನ ಸ್ಥಳಗಳಲ್ಲಿ ತಂಗಿದ ಮಾತ್ರಕ್ಕೆ ಶುಲ್ಕ ವಸೂಲು ಮಾಡಕೂಡದೆಂದು 2004ರ ಕಾಯಿದೆಯೇ ಅಧಿಕಾರಿಗಳ ಕೈಕಟ್ಟಿದೆ. ಸಾಮಾನ್ಯವಾಗಿ ಒಂದೆಡೆ 14 ದಿನಗಳಿಗಿಂತ ಹೆಚ್ಚಾಗಿ ನಿಲ್ಲಕೂಡದು. ಅವಧಿ ಮುಗಿದ ಮೇಲೆ ದೂರಕ್ಕೆ ಸರಿಯಬೇಕು. ಶ್ರೀಮಂತನು ಮಹಲಿನಲ್ಲಿ ಕುಳಿತು ನೋಡುವ ಸೂರ್ಯೋದಯವನ್ನು ಕಾರಖಾನೆಯ ಕೂಲಿಯವನು ತನ್ನ ಮಕ್ಕಳೊಡನೆ ಬಿಟ್ಟಿಯಾಗಿ ನೋಡಬಲ್ಲನು. ಮಾರಾಟದ ಸೂಚನೆ ಬಂದಾಗ ಅಷ್ಟು ಜನರು ಒಮ್ಮೆಗೇ ಎದ್ದುದಕ್ಕೆ ಮುಖ್ಯ ಕಾರಣವು ಇದೇ ಎಂದು ನಾವು ತಿಳಿಯುತ್ತೇವೆ. ನಕ್ಷೆಯಲ್ಲಿ ಹಸಿರು ಬಣ್ಣವಾಗಿ ಕಾಣುವ ಭೂಮಿಗಾಗಿ ಯಾರೂ ಹೋರಾಡರು. ತಾನು ಮಲಗಿದ್ದ ನೆಲಕ್ಕಾಗಿ, ತನ್ನ ಮಗನಿಗೆ ಗಾಳ ಹಾಕುವುದನ್ನು ಕಲಿಸಿದ ದಂಡೆಗಾಗಿ ಸಾಮಾನ್ಯನೂ ಹೋರಾಡುವನು.

ಆದರೆ ಬಿಟ್ಟಿಯೆಂದ ಮಾತ್ರಕ್ಕೆ ಸ್ವೇಚ್ಛೆಯಲ್ಲ. ನೀರಿನ ಅಂಚಿನಿಂದ 200 ಅಡಿ, ಅಂದರೆ ದೊಡ್ಡವರ ಹೆಜ್ಜೆಯಲ್ಲಿ ಸುಮಾರು ಎಪ್ಪತ್ತು ಹೆಜ್ಜೆ, ದೂರದಲ್ಲಿ ಬಿಡಾರವಿರಬೇಕೆಂಬುದು ಅಲ್ಲಿ ಸಾಮಾನ್ಯವಾಗಿ ಬೋಧಿಸುವ ನಿಯಮ. ದಂಡೆಯ ಹುಲ್ಲು ತುಳಿತಕ್ಕೆ ಸಿಕ್ಕಿ ಸತ್ತರೆ ಮಣ್ಣು ಕೊಚ್ಚಿಹೋಗುತ್ತದೆ. ನೀರಿಗೆ ಬರುವ ಮೃಗಗಳು ಮನುಷ್ಯರನ್ನು ಕಂಡು ಬೆದರಿ ಹಿಂದಿರುಗುತ್ತವೆ. ಮಲವಿಸರ್ಜನೆಯೂ ಅಷ್ಟೇ ದೂರದಲ್ಲಾಗಬೇಕು, ಆರರಿಂದ ಎಂಟು ಅಂಗುಲ ಆಳದ ಕುಳಿ ತೋಡಿ ಮುಚ್ಚಬೇಕು. ಪಾತ್ರೆ ತೊಳೆದ ನೀರನ್ನು ಹೊಳೆಗೆ ಚೆಲ್ಲಕೂಡದು. ತಂದ ಪದಾರ್ಥದ ಕಸವನ್ನೆಲ್ಲ ಕಟ್ಟಿಕೊಂಡು ಹಿಂದಕ್ಕೆ ಒಯ್ಯಬೇಕು. ಒಲೆಯ ಬೂದಿಯು ಕೈಯಿಟ್ಟರೆ ತಣ್ಣಗಿರುವವರೆಗೆ ನೀರು ಹೊಯ್ದು ಕದಡಬೇಕು. ಬೇಸಗೆಯಲ್ಲಿ ನಿಷೇಧವಿದ್ದರೆ ಬೆಂಕಿಯನ್ನೇ ಹಚ್ಚಕೂಡದು.

ಈ ಕಡೆಯ ನಿಯಮದ ಉಲ್ಲಂಘನೆಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು 2013ರಲ್ಲಿ ಕ್ಯಾಲಿಫೋರ್ನಿಯ ಪ್ರಾಂತವು ಕಂಡಿತು. ಸ್ಟಾನಿಸ್ಲಾಸ್ ರಾಷ್ಟ್ರೀಯ ಅರಣ್ಯದಲ್ಲಿ ಬೇಟೆಗಾರನೊಬ್ಬನು ನಿಷೇಧವನ್ನು ಮೀರಿ ಹಚ್ಚಿದ ಬೆಂಕಿಯು ಕೈಮೀರಿತೆಂದು ಅರಣ್ಯ ಇಲಾಖೆ ತಿಳಿಸಿತು. ಉರಿದುಹೋದುದು ಎರಡೂವರೆ ಲಕ್ಷ ಎಕರೆಗೂ ಹೆಚ್ಚು. ಒಬ್ಬನ ಅಲಕ್ಷ್ಯಕ್ಕೆ ಸಹಸ್ರಾರು ಜನರ ಹಕ್ಕು ಆಹುತಿಯಾಗುವುದು ಹೀಗೆ.

ಅಧಿಕಾರಿವರ್ಗದವರು ಇಲ್ಲಿ ಒಂದು ಆಕ್ಷೇಪವನ್ನೆತ್ತುವರು: ಜನರನ್ನು ನಂಬಿ ಬಿಟ್ಟರೆ ತೀರವೆಲ್ಲ ಹಾಳಾಗುವುದು, ಆದುದರಿಂದ ಬೇಲಿ ಹಾಕಿ ಶುಲ್ಕ ವಿಧಿಸುವುದೇ ಲೇಸು ಎಂದು. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳೆವು. ಜನಸಂದಣಿಯಿಂದ ಕೆಟ್ಟ ದಂಡೆಗಳನ್ನು ಅಮೆರಿಕದಲ್ಲಿಯೂ ಅಲ್ಲಲ್ಲಿ ಮುಚ್ಚಬೇಕಾಗಿದೆ. ಆದರೆ ಮಿತಿಯನ್ನು ಹಣದ ಚೀಲದಿಂದಲೇ ಅಳೆಯಬೇಕೆಂಬ ನಿಯಮವೇನೂ ಇಲ್ಲ. ಮಿನೆಸೋಟ ಪ್ರಾಂತದ ಉತ್ತರದ ಗಡಿಯಲ್ಲಿ ಸರೋವರಗಳ ಸರಮಾಲೆಯಂತಿರುವ ಬೌಂಡರಿ ವಾಟರ್ಸ್ ಎಂಬ ಪ್ರದೇಶದಲ್ಲಿ ರಾತ್ರಿ ತಂಗುವವರಿಗೆ ಪರವಾನಗಿ ಬೇಕು, ಅಲ್ಪ ಶುಲ್ಕವೂ ಉಂಟು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಒಳಹೊಗುವ ತಂಡಗಳ ಸಂಖ್ಯೆಗೆ ಮಿತಿಯುಂಟು. ಒಂದು ತಂಡದಲ್ಲಿ 9 ಜನರಿಗೂ 4 ದೋಣಿಗಳಿಗೂ ಮೀರಕೂಡದು. ಅಲ್ಲಿ ಎಣಿಸುವುದು ತಲೆಗಳನ್ನು. ಬಡವನೂ ಧನಿಕನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಎರಡನೆಯ ಆಕ್ಷೇಪವು ಹೆಚ್ಚು ಕಠಿನವಾದುದು. ಅದಕ್ಕೆ ಅಮೆರಿಕವೂ ಸರಿಯಾದ ಉತ್ತರವನ್ನು ಕಂಡುಕೊಂಡಿಲ್ಲ. ವಿನೋದಕ್ಕಾಗಿ ಡೇರೆ ಹಾಕುವವನಿಗೆ ಸ್ವಾಗತ. ಮನೆಯಿಲ್ಲದೆ ಡೇರೆ ಹಾಕುವವನಿಗೆ? ನಗರದ ಸಾರ್ವಜನಿಕ ಸ್ಥಳದಲ್ಲಿ ಮಲಗಿದ ನಿರಾಶ್ರಿತನನ್ನು ಶಿಕ್ಷಿಸುವುದು ಅವರ ರಾಜ್ಯಾಂಗಕ್ಕೆ ವಿರುದ್ಧವಲ್ಲವೆಂದು ಅಲ್ಲಿಯ ಶ್ರೇಷ್ಠ ನ್ಯಾಯಾಲಯವು 2024ರ ಜೂನ್ 28ರಂದು ತೀರ್ಪಿತ್ತಿತು. 2025ರ ಮೇ 1ರಂದು ಆರೆಗನ್ ಪ್ರಾಂತದ ಬೆಂಡ್ ನಗರದ ಬಳಿಯ ಡಿಶೂಟ್ಸ್ ರಾಷ್ಟ್ರೀಯ ಅರಣ್ಯದ ಒಂದು ಭಾಗವನ್ನು, ಕಾಳ್ಗಿಚ್ಚನ್ನು ತಡೆಯುವ ಕೆಲಸಕ್ಕಾಗಿ ಎಂದು ಮುಚ್ಚಿ, ಅಲ್ಲಿ ನೆಲೆಸಿದ್ದ ಬಡವರನ್ನು ಹೊರಡಿಸಲಾಯಿತು. ಹದಿನಾಲ್ಕು ದಿನಗಳ ನಿಯಮವು ನ್ಯಾಯವಾದುದೇ. ಅದಿಲ್ಲದಿದ್ದರೆ ಮೊದಲು ಬಂದವನೇ ದಂಡೆಯ ಒಡೆಯನಾಗುವನು. ಆದರೆ ಮನೆಯಿಲ್ಲದವನಿಗೆ ಕಾಡಿನ ನಿಯಮವನ್ನು ತೋರಿಸಿ ಊರಿನ ಹೊಣೆಯನ್ನು ತೀರಿಸಿದೆವೆಂದುಕೊಳ್ಳುವುದು ನ್ಯಾಯವಲ್ಲ.

ಇನ್ನು ಮೂಲಪ್ರಶ್ನೆಗೆ ಬರೋಣ. ನೀರಿನ ತೀರವನ್ನು ಬೇರೆ ಸರ್ಕಾರಿ ಜಮೀನಿನಂತೆ ಎಣಿಸತಕ್ಕದ್ದಲ್ಲ ಎಂಬ ತತ್ತ್ವವು ಅಲ್ಲಿ ಬಹಳ ಕಾಲದಿಂದ ಬೇರೂರಿದೆ. 1869ರಲ್ಲಿ ಇಲಿನಾಯ್ ಪ್ರಾಂತದ ಶಾಸನಸಭೆಯು ಷಿಕಾಗೋ ಬಂದರಿನಲ್ಲಿ ಮಿಷಿಗನ್ ಸರೋವರದ ತಳದ ಸಾವಿರ ಎಕರೆಗೂ ಹೆಚ್ಚಿನ ಭಾಗವನ್ನು ಒಂದು ರೈಲ್ವೆ ಕಂಪೆನಿಗೆ ದಾನ ಮಾಡಿತು. 1873ರಲ್ಲಿ ಪಶ್ಚಾತ್ತಾಪಪಟ್ಟು ಹಿಂತೆಗೆಯಿತು. ಸರೋವರವನ್ನು ಸರ್ಕಾರವು ಪ್ರಜೆಗಳ ಪರವಾಗಿ ನಿಕ್ಷೇಪದಂತೆ ಹಿಡಿದಿರುವುದರಿಂದ ಹಾಗೆ ಕೊಟ್ಟುಬಿಡುವ ಅಧಿಕಾರವೇ ಅದಕ್ಕಿಲ್ಲವೆಂದು 1892ರಲ್ಲಿ ಶ್ರೇಷ್ಠ ನ್ಯಾಯಾಲಯವು ನಿರ್ಣಯಿಸಿತು. ಮೊಂಟಾನಾ ಪ್ರಾಂತವು ಇನ್ನೂ ಮುಂದೆ ಹೋಗಿ, 1984ರ ಎರಡು ತೀರ್ಪುಗಳಿಂದಲೂ 1985ರ ಕಾಯಿದೆಯಿಂದಲೂ, ಪಕ್ಕದ ಹೊಲ ಯಾರದೇ ಆಗಿರಲಿ, ಹೊಳೆಯ ಸಾಮಾನ್ಯ ಮೇಲ್ಮಟ್ಟದ ಗುರುತಿನೊಳಗೆ ಜನರು ನಡೆದಾಡುವ, ಮೀನು ಹಿಡಿಯುವ ಹಕ್ಕನ್ನು ಸ್ಥಿರಪಡಿಸಿತು. ಹೊಲವನ್ನು ತುಳಿಯುವ ಹಕ್ಕನ್ನು ಮಾತ್ರ ಕೊಡಲಿಲ್ಲ.

ಈ ತತ್ತ್ವವು ಸಮುದ್ರವನ್ನು ದಾಟಿ ನಮ್ಮ ದೇಶಕ್ಕೂ ಬಂದಿದೆ ಎಂಬುದನ್ನು ಹಲವರು ಅರಿಯರು. ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಯ ತೀರದ ಅರಣ್ಯಭೂಮಿಯನ್ನು ಒಂದು ವಸತಿಗೃಹಕ್ಕೆ ಗುತ್ತಿಗೆಗೆ ಕೊಡಲಾಗಿತ್ತು. ಆ ಗೃಹದವರು ತಮ್ಮ ಕಟ್ಟಡದ ರಕ್ಷಣೆಗಾಗಿ ನದಿಯ ಪಾತ್ರವನ್ನೇ ತಿರುಗಿಸಲು ತೊಡಗಿದ್ದರು. 1996ರ ಡಿಸೆಂಬರ್ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು, ಅಮೆರಿಕದ ಆ ತೀರ್ಪುಗಳನ್ನು ಪರಿಶೀಲಿಸಿ, ಸಾರ್ವಜನಿಕ ನಿಕ್ಷೇಪದ ತತ್ತ್ವವು ಈ ದೇಶದ ನ್ಯಾಯದ ಅಂಗವೆಂದು ಸಾರಿ, ಗುತ್ತಿಗೆಯನ್ನು ರದ್ದುಮಾಡಿತು. ನದಿ, ಕಾಡು, ದಡ ಇವುಗಳಿಗೆ ಸರ್ಕಾರವು ಪಾರುಪತ್ಯಗಾರ, ಒಡೆಯನಲ್ಲ.

ಹೀಗಿರುವಲ್ಲಿ ನಮ್ಮ ನಾಡಿನ ಸ್ಥಿತಿಯೇನು? ಹೊಳೆಯ ಬಳಿ ಬಯಲಿನಲ್ಲಿ ತಂಗುವುದು ಕನ್ನಡಿಗರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೊರಟವರು ದಾರಿಯಲ್ಲಿ ನೀರು ಕಂಡಲ್ಲಿ ಕೊಳ್ಳು ಹರಿದು ಒಲೆ ಹೂಡುತ್ತಿದ್ದರು. ಶಿವರಾತ್ರಿಗೆ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಿಂದ ಹೋಗುವವರು ಈಗಲೂ ಕಾವೇರಿಯನ್ನು ದಾಟಿ ಕಾಡಿನ ಹಾದಿಯನ್ನು ಹಿಡಿಯುತ್ತಾರೆ. ಹಳೆಯ ಮೈಸೂರಿನ ಗ್ರಾಮಗಳಲ್ಲಿ ಊರ ಹೊರಗೆ ದಾರಿಹೋಕರ ನೆರಳಿಗೆಂದೇ ಗುಂಡುತೋಪುಗಳನ್ನು ಬೆಳೆಸಿದ್ದರು; ಅಲ್ಲಿ ಇಳಿದವನನ್ನು ಯಾವ ಜಾತಿ, ಎಷ್ಟು ಹಣ ಎಂದು ಕೇಳುವ ಕಾವಲುಗಾರನಿರಲಿಲ್ಲ. ಆ ತೋಪುಗಳಲ್ಲಿ ಎಷ್ಟೋ ಒತ್ತುವರಿಗೆ ತುತ್ತಾದುವು. ಪಟ್ಟಣದ ಬಳಿಯ ಕೆರೆಗಳ ಅಂಗಳಗಳು ನಿವೇಶನಗಳಾದುವು. ಹೊಳೆದಂಡೆಗಳಲ್ಲಿ ಒಂದು ರಾತ್ರಿಗೆ ಗುಮಾಸ್ತನ ವಾರದ ಸಂಬಳವನ್ನು ಬೇಡುವ ವಿಹಾರಗೃಹಗಳು ಎದ್ದಿವೆ. ಹೊಳೆಯು ಹರಿಯುತ್ತಲೇ ಇದೆ. ಅದರ ಬಳಿಗೆ ಹೋಗುವ ದಾರಿ ಮಾತ್ರ ಕಿರಿದಾಗುತ್ತಿದೆ.

ಅಮೆರಿಕದ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ಎತ್ತಿ ತರಬೇಕೆಂದು ನಾವು ಹೇಳುವುದಿಲ್ಲ. ಅವರ ಭೂಮಿ ವಿಶಾಲ, ಜನ ವಿರಳ. ನಮ್ಮ ಕಾಡುಗಳಲ್ಲಿ ಆನೆಗಳಿವೆ; ಕಾವೇರಿ, ಕಾಳಿ ನದಿಗಳಲ್ಲಿ ಮೊಸಳೆಗಳಿವೆ. ಅಭಯಾರಣ್ಯಗಳಲ್ಲಿ ಪರವಾನಗಿಯಿಲ್ಲದೆ ತಂಗಕೂಡದೆಂಬ 1972ರ ಕಾಯಿದೆಯ ಕಟ್ಟು ಮೃಗಗಳಿಗೂ ಮನುಷ್ಯರಿಗೂ ಹಿತವಾದುದು. ಅದನ್ನು ಸಡಿಲಿಸಬೇಕೆಂದು ಕೇಳುವವರ ಪಕ್ಷ ನಮ್ಮದಲ್ಲ. ನಮ್ಮ ಬೇಡಿಕೆ ಮಿತವಾದುದು. ಸರ್ಕಾರದ ವಶದಲ್ಲಿರುವ ಹೊಳೆ ಕೆರೆಗಳ ದಂಡೆಯನ್ನು ಇನ್ನು ಮುಂದೆ ಕಟ್ಟಡಗಳಿಗಾಗಿ ಯಾರಿಗೂ ಗುತ್ತಿಗೆ ಕೊಡಕೂಡದು. ಉಳಿದಿರುವ ಗುಂಡುತೋಪುಗಳನ್ನು ಅಳೆದು ಗಡಿಗಲ್ಲು ನೆಟ್ಟು ತಾಲ್ಲೂಕು ಕಚೇರಿಯಲ್ಲಿ ಪಟ್ಟಿಯನ್ನು ಪ್ರಕಟಿಸಬೇಕು. ಅಭಯಾರಣ್ಯಗಳ ಹೊರಗೆ, ಪ್ರವಾಹದ ಭಯವಿಲ್ಲದ ಕೆಲವು ತೋಪು ದಂಡೆಗಳಲ್ಲಿ, ಒಂದೆರಡು ರಾತ್ರಿ ಡೇರೆ ಹಾಕಲು ಎಲ್ಲರಿಗೂ ಬಿಟ್ಟಿಯಾಗಿ ಅವಕಾಶವಿರಬೇಕು. ಅಲ್ಲಿಗೆ ಕಟ್ಟಡ ಬೇಡ, ಗುತ್ತಿಗೆದಾರ ಬೇಡ. ನಿಯಮಗಳನ್ನು ಬರೆದ ಒಂದು ಹಲಗೆ, ಆಗಾಗ ಬಂದು ನೋಡುವ ಒಬ್ಬ ಕಾವಲುಗಾರ, ಇಷ್ಟು ಸಾಕು. ಈ ಕಾರ್ಯಕ್ಕೆ ಬೇಕಾದುದು ಕೋಟಿಗಟ್ಟಲೆ ಹಣವಲ್ಲ; ಕಂದಾಯ ಮತ್ತು ಅರಣ್ಯ ಇಲಾಖೆಗಳ ಅಧಿಕಾರಿಗಳ ಮನಸ್ಸು.

ಅಧಿಕಾರಿಗಳಿಗೆ ಇಷ್ಟು ಹೇಳಿದ ಮೇಲೆ ಪಟ್ಟಣವಾಸಿಗಳಾದ ನಮಗೆ ನಾವೇ ಒಂದು ಮಾತನ್ನು ಹೇಳಿಕೊಳ್ಳಬೇಕಾಗಿದೆ. ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ನಮ್ಮ ಯಾವ ಹೊಳೆಯ ಬಳಿಗೆ ಹೋದರೂ ಒಡೆದ ಸೀಸೆಗಳು, ಎಂಜಲೆಲೆಗಳು, ಪ್ಲಾಸ್ಟಿಕ್ ಚೀಲಗಳು ಕಣ್ಣಿಗೆ ಬೀಳುತ್ತವೆ. ಇವನ್ನು ಬಿಟ್ಟುಬಂದವರು ಬಹುಮಟ್ಟಿಗೆ ಓದುಬರಹ ಬಲ್ಲವರೇ. ದಂಡೆಯನ್ನು ಗುತ್ತಿಗೆಗೆ ಕೇಳುವವನ ಅರ್ಜಿಗೆ ಇದಕ್ಕಿಂತ ಬಲವಾದ ಶಿಫಾರಸು ಬೇಕಿಲ್ಲ. ಜನರು ಕೆಡಿಸುತ್ತಾರೆ, ನಾನು ಕಾಪಾಡುತ್ತೇನೆ ಎಂದು ಅವನು ಬರೆದರೆ ಸಾಕು. ಸಾರ್ವಜನಿಕ ಭೂಮಿಯನ್ನು ಕಳೆದುಕೊಳ್ಳಲು ಎರಡು ದಾರಿಗಳಿವೆ: ಮಾರುವವರ ಮುಂದೆ ಸುಮ್ಮನಿರುವುದೊಂದು, ನಮ್ಮದೆಂಬ ಅಭಿಮಾನವಿಲ್ಲದೆ ಬಳಸುವುದೊಂದು. ಅಮೆರಿಕದ ಸಾಮಾನ್ಯ ಜನರು 2025ರ ಜೂನಿನಲ್ಲಿ ಮೊದಲನೆಯ ದಾರಿಯನ್ನು ಅಡ್ಡಗಟ್ಟಿದರು. ಎರಡನೆಯದನ್ನು ಅಡ್ಡಗಟ್ಟುವುದಕ್ಕೆ ನಮಗೆ ಯಾವ ಶಾಸನಸಭೆಯ ಅಪ್ಪಣೆಯೂ ಬೇಕಾಗಿಲ್ಲ. ಮುಂದಿನ ಭಾನುವಾರ ಹೊಳೆಗೆ ಹೋದಾಗ ತಂದುದನ್ನೆಲ್ಲ ಕಟ್ಟಿಕೊಂಡು ಮನೆಗೆ ಹಿಂದಿರುಗಿದರೆ, ದಂಡೆಯು ಯಾರ ಸೊತ್ತೆಂಬ ಪ್ರಶ್ನೆಗೆ ನಮ್ಮ ಕಡೆಯಿಂದ ಉತ್ತರ ಕೊಟ್ಟಂತಾಗುವುದು.