ತಂಗುಕೋಣೆಯೊಳಗಿನ ಶಾಂತಿ

ರೈಲು ನಿಲ್ದಾಣವನ್ನು ಶಾಂತಿಯ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಬಹುದೆ? ಶಿಳ್ಳೆ, ನೂಕುನುಗ್ಗಲು, ಕೂಲಿಗಳ ಕೂಗು ಇವುಗಳ ನಡುವೆ ಶಾಂತಿಗೆಲ್ಲಿಯ ಠಾವು ಎಂದು ವಾಚಕರು ನಕ್ಕಾರು. ಆದರೆ ಅಂಥ ಕೋಣೆಯೊಂದು ದಕ್ಷಿಣ ಆಫ್ರಿಕದಲ್ಲಿ ಉಂಟು.

1893ರ ಜೂನ್ 7ರ ರಾತ್ರಿ ಪೀಟರ್‌ಮ್ಯಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ 23 ವರ್ಷದ ವಕೀಲನೊಬ್ಬನನ್ನು ಮೊದಲನೆಯ ದರ್ಜೆಯ ಡಬ್ಬಿಯಿಂದ ಹೊರಕ್ಕೆ ದಬ್ಬಿದರು. ಟಿಕೀಟು ಇತ್ತು; ಮೈಬಣ್ಣ ಮಾತ್ರ ಬೇರೆ. ಚಳಿ ಕೊರೆಯುತ್ತಿತ್ತು. ಮೇಲಂಗಿ ರೈಲ್ವೆಯವರ ವಶದಲ್ಲಿದ್ದ ಸಾಮಾನಿನಲ್ಲಿತ್ತು. ಕೇಳಿದರೆ ಮತ್ತೆ ಅವಮಾನವಾದೀತೆಂದು ಗಾಂಧಿ ಕೇಳಲಿಲ್ಲ. ದೀಪವಿಲ್ಲದ ತಂಗುಕೋಣೆಯಲ್ಲಿ ನಡುಗುತ್ತ ಕುಳಿತು, ಸ್ವದೇಶಕ್ಕೆ ಮರಳುವುದೋ, ಇಲ್ಲಿಯೇ ನಿಂತು ಹೋರಾಡುವುದೋ ಎಂದು ಚಿಂತಿಸಿದರು. 1997ರಲ್ಲಿ ಅದೇ ನಿಲ್ದಾಣದಲ್ಲಿ ಅಧ್ಯಕ್ಷ ಮಂಡೇಲಾ ಅವರು ಆ ನಗರದ ಗೌರವ ಪೌರತ್ವವನ್ನು ಗಾಂಧೀಜಿಗೆ ಮರಣೋತ್ತರವಾಗಿ ಸಲ್ಲಿಸಿದರು. ದಬ್ಬಿದ ಊರೇ ಕೈಮುಗಿದು ಬರಮಾಡಿಕೊಂಡಿತು. ಆ ತಂಗುಕೋಣೆ ಇಂದು ಅಂದಿನ ರಾತ್ರಿಯ ಕಥೆಯನ್ನು ಹೇಳುವ ಪ್ರದರ್ಶನ ಮಂದಿರ.

ಅದರಿಂದ ನಮಗೇನೆಂದು ಕೇಳಬೇಡಿರಿ. 31 ವರ್ಷಗಳ ತರುವಾಯ, 1924ರ ಡಿಸೆಂಬರಿನಲ್ಲಿ, ಅದೇ ಗಾಂಧಿ ನಮ್ಮ ನೆರೆಯ ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಆ ಪೀಠವನ್ನೇರಿದ್ದು ಅದೊಂದೇ ಸಲ. ಸದಸ್ಯನಾದವನು ತಿಂಗಳಿಗೆ 2,000 ಗಜ ನೂಲು ಸಲ್ಲಿಸಬೇಕೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ದೊರೆಯಿತು. ಆ ನೂಲಿನ ಹಿಂದಿರುವ ದುಡಿಮೆಯನ್ನು, ಮಗ್ಗದ ಸದ್ದಿನಲ್ಲೇ ಬೆಳೆದ ರಬಕವಿ-ಬನಹಟ್ಟಿಯವರಿಗೆ ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಹಳೆಯ ನಿಲ್ದಾಣವಿಲ್ಲ, ನಿಜ. ರೈಲೆಂದರೆ ಜಮಖಂಡಿಯವರು ಕುಡಚಿಯ ಇಲ್ಲವೆ ಬಾಗಲಕೋಟೆಯ ದಾರಿ ಹಿಡಿಯುವುದು ರೂಢಿ. ಆ ಎರಡು ಊರುಗಳನ್ನು ಜೋಡಿಸುವ ಸುಮಾರು 142 ಕಿಲೋಮೀಟರಿನ ಮಾರ್ಗಕ್ಕೆ 2010ರಲ್ಲಿ ಮಂಜೂರಾತಿ ದೊರೆಯಿತು. ಆ ಮಾರ್ಗದ ಹೊಸ ನಿಲ್ದಾಣವೊಂದರಲ್ಲಿ ಒಂದು ಕೋಣೆಯನ್ನು ಶಾಂತಿಗಾಗಿ ಮೀಸಲಿಟ್ಟರೆ ಹೇಗೆ?

ಅಲ್ಲಿ ಇಡಲು ನಮ್ಮಲ್ಲಿ ಬಡತನವಿಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸೆಂಬ ಆಜ್ಞೆಗೆ ಮಣಿಯದೆ ಬೆಂದುಹೋದ ಮುಧೋಳ ಸಂಸ್ಥಾನದ ಹಲಗಲಿ ಇದೆ. 1948ರಲ್ಲಿ ಮುಂಬಯಿ ಪ್ರಾಂತದೊಡನೆ ವಿಲೀನವಾದ ಜಮಖಂಡಿ ಇದೆ. ಎರಡೂ ಕಥೆಗಳು ಒಂದೇ ಗೋಡೆಯ ಮೇಲೆ ಇರಲಿ. ಹಲಗಲಿಯ ನೋವನ್ನು ಮರೆಮಾಡಿದರೆ ಅದು ಶಾಂತಿಯಲ್ಲ, ಮರೆವು.

ಕೊನೆಗೊಂದು ಮಾತು. ಇಂಥ ಕೋಣೆಯ ಪರೀಕ್ಷೆ ಗಾಜಿನ ಪೆಟ್ಟಿಗೆಗಳಲ್ಲಿಲ್ಲ. ಪಕ್ಕದ ಟಿಕೀಟು ಕಿಂಡಿಯಲ್ಲಿದೆ. ಬೀಳಗಿಯ ಕಡೆಯ ಮುದುಕಿಯೊಬ್ಬಳು ಗಂಟು ಹೊತ್ತು ಬಂದು ದಾರಿ ಕೇಳಿದಾಗ ಗದರಿಕೆ ದೊರೆತರೆ, ಆ ವಸ್ತುಸಂಗ್ರಹಾಲಯಕ್ಕೆ ಬೀಗ ಹಾಕುವುದೇ ಲೇಸು. "ಕೂಡ್ರಬೇ ಯವ್ವಾ" ಎಂಬ ಮಾತು ದೊರೆತರೆ, ಅಂದಿನ ಚಳಿಯ ರಾತ್ರಿ ವ್ಯರ್ಥವಾಗಲಿಲ್ಲವೆಂದು ತಿಳಿಯೋಣ.