ಇಲ್ಲದ ಅಪ್ಪನೊಡನೆ ಯುಗಳಗೀತೆ

1991ರಲ್ಲಿ ಅಮೆರಿಕದಲ್ಲಿ ಯುಗಳಗೀತೆಯ ಸಿಂಗಲ್ ಒಂದು ಬಿಡುಗಡೆಯಾಯಿತು. ಅದರ ಇಬ್ಬರು ಗಾಯಕರಲ್ಲಿ ಒಬ್ಬರು ತೀರಿಕೊಂಡು ಅಷ್ಟರಲ್ಲಿ 26 ವರ್ಷಗಳಾಗಿದ್ದವು. ‘ಅನ್‌ಫರ್ಗೆಟಬಲ್’ ಎಂಬ ಆ ಹಾಡನ್ನು ನ್ಯಾಟ್ ಕಿಂಗ್ ಕೋಲ್ ಮೊದಲು ಧ್ವನಿಮುದ್ರಿಸಿದ್ದು 1951ರಲ್ಲಿ. 1965ರಲ್ಲಿ ಅವರು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು 45. ಮಗಳು ನಟಾಲಿಗೆ 15. ಆಕೆ ಬೆಳೆದು, ತಂದೆಯ ನೆರಳಿನಿಂದಾಚೆ ಸೋಲ್ ಸಂಗೀತದಲ್ಲಿ ಸ್ವಂತ ಹೆಸರು ಗಳಿಸಿ, ನಲವತ್ತು ದಾಟಿದ ಮೇಲೆ ತಂದೆಯ ಹಾಡುಗಳಿಗೆ ಮರಳಿದರು. ಹಳೆಯ ಟೇಪಿನಲ್ಲಿದ್ದ ಅಪ್ಪನ ದನಿಯ ಜೊತೆ ಮಗಳ ದನಿ ಕೂಡಿತು.

1992ರ ಗ್ರ್ಯಾಮಿ ಸಮಾರಂಭದಲ್ಲಿ ಆ ಧ್ವನಿಮುದ್ರಿಕೆಗೂ ಆಲ್ಬಂಗೂ ಪ್ರಧಾನ ಪ್ರಶಸ್ತಿಗಳು ಬಂದವು. ನಲವತ್ತು ವರ್ಷ ಹಳೆಯ ರಚನೆಗೆ ‘ವರ್ಷದ ಹಾಡು’ ಎಂಬ ಬಿರುದು ಬೇರೆ! ಬರೆದ ಅರ್ವಿಂಗ್ ಗಾರ್ಡನ್ ಅದನ್ನು ನೋಡಲು ಬದುಕಿದ್ದರೆಂಬುದು ಸಮಾಧಾನ.

ಸತ್ತವರ ದನಿಯನ್ನು ಮಾರುಕಟ್ಟೆಗೆ ಎಳೆದು ತಂದರೆಂದು ಆಕ್ಷೇಪಿಸಬಹುದು. ಅದರಲ್ಲಿ ಹುರುಳಿಲ್ಲದಿಲ್ಲ. ಆ ತಂದೆ ಆ ಸಾಲುಗಳನ್ನು ಮಗಳಿಗಾಗಿ ಹಾಡಿದ್ದಲ್ಲ, ಅದು ಪ್ರೇಮಗೀತೆ. ದನಿಗಳನ್ನು ಕತ್ತರಿಸಿ ಜೋಡಿಸಿದ್ದೂ ಒಂದು ಬಗೆಯ ಸುಳ್ಳೇ. ಆದರೂ ಆ ಹಾಡನ್ನು ನಾನು ಒಪ್ಪುತ್ತೇನೆ. ಏಕೆಂದರೆ ಅಪ್ಪನ ಬಾಯಲ್ಲಿ ಹೊಸದೊಂದು ಪದವನ್ನೂ ಯಾರೂ ಇಡಲಿಲ್ಲ. ಆತ ಎಲ್ಲಿ ಉಸಿರೆಳೆದಿದ್ದರೋ, ಯಾವ ಸ್ವರವನ್ನು ತುಸು ತಡವಾಗಿ ಹಿಡಿದಿದ್ದರೋ, ಅದಕ್ಕೆ ಹೊಂದಿಕೊಳ್ಳಬೇಕಾದವರು ಮಗಳು. ಬಾಗಬೇಕಾದ ಹೊಣೆ ಬದುಕಿದ್ದವರದಾಗಿತ್ತು.

ಜೊತೆಯಾಗಿ ನಿಲ್ಲದೆ ಹಾಡುವುದು ನಮ್ಮ ಚಿತ್ರರಂಗಕ್ಕೇನೂ ಹೊಸತಲ್ಲ. ಒಂದು ಕಾಲಕ್ಕೆ ಗಾಯಕ, ಗಾಯಕಿ ಇಬ್ಬರೂ ವಾದ್ಯವೃಂದದೊಡನೆ ಒಂದೇ ಸ್ಟುಡಿಯೋದಲ್ಲಿ ನಿಂತು ಹಾಡುತ್ತಿದ್ದರು. ಬಹುಟ್ರ್ಯಾಕ್ ತಂತ್ರ ಬಂದ ಮೇಲೆ ಒಬ್ಬರು ಇಂದು, ಮತ್ತೊಬ್ಬರು ಮುಂದಿನ ವಾರ. ಆದರೆ ಇಬ್ಬರೂ ಹಾಡುತ್ತಿದ್ದರಲ್ಲ!

ಈಗ ಹಾಡದೆಯೇ ಹಾಡಿಸಬಹುದು. 2020ರಲ್ಲಿ ನಮ್ಮನ್ನಗಲಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿ 2023ರ ‘ಕೀಡಾ ಕೋಲಾ’ ಎಂಬ ತೆಲುಗು ಚಿತ್ರದಲ್ಲಿ ಬಳಸಲಾಗಿದೆಯೆಂದೂ ಅದಕ್ಕೆ ಕುಟುಂಬದ ಅನುಮತಿ ಪಡೆದಿಲ್ಲವೆಂದೂ ಅವರ ಮಗ ಎಸ್.ಪಿ. ಚರಣ್ 2024ರಲ್ಲಿ ಕಾನೂನು ನೋಟಿಸ್ ಕಳುಹಿಸಿದರು. ಅದೇ ವರ್ಷ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರದ ಒಂದು ಹಾಡಿಗೆ ದಿವಂಗತರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಮರುಸೃಷ್ಟಿಸಿದರು. ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟುದಾಗಿ ತಿಳಿಸಿದರು. ಎರಡನೆಯದು ಸಭ್ಯ ನಡೆ, ಸಂಶಯವಿಲ್ಲ. ಆದರೆ ಮನೆಯವರು ಕೊಡಬಹುದಾದದ್ದು ದನಿಯ ಹಕ್ಕನ್ನು ಮಾತ್ರ. ಈ ಸಾಲನ್ನು ಹೀಗೆ ಹಾಡಲಾರೆ, ಈ ರಾಗ ನನಗೆ ಒಗ್ಗದು ಎನ್ನುವ ಗಾಯಕನ ಹಟವನ್ನು ಕೊಡುವವರಾರು? ಕನ್ನಡದಲ್ಲೂ ಸಾವಿರಾರು ಹಾಡು ಹಾಡಿದ ಎಸ್‌ಪಿಬಿಯವರ ನಗು, ತುಂಟತನ, ಸಾಲಿನ ನಡುವೆ ಹಠಾತ್ತನೆ ಮೃದುವಾಗುವ ಪರಿ ಆ ಗಳಿಗೆಯಲ್ಲಿ ಅವರೇ ಮಾಡಿದ ಆಯ್ಕೆಗಳು. ಯಂತ್ರ ಅವುಗಳ ಸರಾಸರಿಯನ್ನು ತೆಗೆಯಬಲ್ಲದು.

ನಮ್ಮ ಮನೆಯಲ್ಲಿ ಅಮ್ಮ ದೇವರನಾಮ ಹಾಡಿದ ಒಂದು ಕ್ಯಾಸೆಟ್ ಇದೆ. ಎರಡನೆಯ ಚರಣದಲ್ಲಿ ಅವಳು ಕೆಮ್ಮುತ್ತಾಳೆ, ‘ನಿಲ್ಲಿಸೋ’ ಎನ್ನುತ್ತಾಳೆ, ಮತ್ತೆ ತಾನೇ ಮುಂದುವರಿಸುತ್ತಾಳೆ. ಕಂಪ್ಯೂಟರ್ ಬಲ್ಲ ಸೋದರಳಿಯ ಕಳೆದ ದೀಪಾವಳಿಗೆ ಬಂದಾಗ, ಕೆಮ್ಮನ್ನು ತೆಗೆದುಬಿಡುತ್ತೇನೆ, ಬೇಕಿದ್ದರೆ ಅಜ್ಜಿಯಿಂದ ಹೊಸ ಹಾಡುಗಳನ್ನೂ ಹಾಡಿಸುತ್ತೇನೆ ಎಂದ. ಪ್ರೀತಿಯಿಂದಲೇ ಹೇಳಿದ. ಕ್ಷಣಕಾಲ ನನಗೂ ಆಸೆಯಾಯಿತೆಂಬುದನ್ನು ಮುಚ್ಚಿಡಲಾರೆ. ಕಡೆಗೆ ಬೇಡವೆಂದೆ.

ತಂಗಿ ಊರಿಗೆ ಬಂದಾಗಲೆಲ್ಲ ಆ ಕ್ಯಾಸೆಟ್ ಹಾಕಿ ಅಮ್ಮನ ಜೊತೆ ಹಾಡುತ್ತಾಳೆ. ಕೆಮ್ಮು ಬರುವಲ್ಲಿ ತಾನೂ ನಿಂತು, ಅಮ್ಮ ಉಸಿರು ಸುಧಾರಿಸಿಕೊಳ್ಳುವವರೆಗೆ ಕಾಯುತ್ತಾಳೆ.