ಚಂದ್ರನ ಹೆಸರಿನ ಪುಟ್ಟ ಭಾಷೆ

ಮಕ್ಕಳೇ, ನಿಮ್ಮ ಈ ತಾತ ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು. ಕೆಂಪು ಶಾಯಿಯ ಪೆನ್ನು ನನ್ನ ಜೇಬು ಬಿಟ್ಟು ಇಳಿದದ್ದೇ ಇಲ್ಲ. ಅದಕ್ಕೇ ಇರಬೇಕು, ಆರನೇ ತರಗತಿ ಓದುವ ನನ್ನ ಮೊಮ್ಮಗಳು ಲೆಕ್ಕದ ಪುಸ್ತಕವನ್ನು ಮನೆಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದಳು, ನನಗೆ ಮಾತ್ರ ಇಲ್ಲ.

ಈ ಬೇಸಿಗೆ ರಜೆಯಲ್ಲಿ, "ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಯೊಂದನ್ನು ಇಬ್ಬರೂ ಕಲಿಯೋಣವೇ?" ಎಂದೆ. "ಯಾವುದು ತಾತ?" ಎಂದಳು. ಬರೆದ ತಕ್ಷಣ ಓಡಿಸಿ ನೋಡಬಹುದಾದ ಭಾಷೆಗಳಿಗೆ ಸ್ಕ್ರಿಪ್ಟಿಂಗ್ ಭಾಷೆ ಎನ್ನುತ್ತಾರೆ. ಅವುಗಳಲ್ಲಿ ಪೈಥಾನ್ ಹೆಸರುವಾಸಿ. ಒಳ್ಳೆಯ ಭಾಷೆಯೇ, ಆದರೆ ದೊಡ್ಡ ಸಂತೆ. ದಾರಿ ತಪ್ಪಿಯೇನೆಂಬ ಭಯ ನನಗೆ. ಖುಷಿಗಾಗಿ ಕಲಿಯುವವರಿಗೆ ಚಿಕ್ಕದೇ ಚೆಂದ ಅನ್ನಿಸಿ ಲುವಾ ಆರಿಸಿದೆವು. ಕಾಸು ಕೊಡದೆ ಸಿಗುತ್ತದೆ.

ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ವಿಶ್ವವಿದ್ಯಾಲಯವೊಂದರಲ್ಲಿ. ಮೂವರು ಸೇರಿ ಕಟ್ಟಿದರು. ಅಲ್ಲಿನ ಪೋರ್ಚುಗೀಸ್ ನುಡಿಯಲ್ಲಿ ಲುವಾ ಎಂದರೆ ಚಂದ್ರ. ಅದಕ್ಕೂ ಮೊದಲು ಅವರು ಬಳಸುತ್ತಿದ್ದ ಭಾಷೆಯೊಂದರ ಹೆಸರು ಸೋಲ್, ಅಂದರೆ ಸೂರ್ಯ! ಬೇರೆ ತಂತ್ರಾಂಶಗಳ ಒಳಗೆ ಕೂತು ಕೆಲಸ ಮಾಡಲೆಂದು ಲುವಾವನ್ನು ಪುಟ್ಟದಾಗಿಯೇ ಇಟ್ಟಿದ್ದಾರೆ; ಎಷ್ಟೋ ಕಂಪ್ಯೂಟರ್ ಆಟಗಳಲ್ಲೂ ಅದಿದೆ. ಅದರ 5.4ನೇ ಆವೃತ್ತಿಯಲ್ಲಿ ಮೀಸಲು ಪದಗಳು 22 ಮಾತ್ರ. ವರ್ಣಮಾಲೆಯ 49 ಅಕ್ಷರ ತಿದ್ದಿದವರಿಗೆ ಇದೇನು ಮಹಾ! ಪಟ್ಟಿ ಎಣಿಸುವಾಗ ಪೈಥಾನ್ ಸೊನ್ನೆಯಿಂದ ಶುರುಮಾಡಿದರೆ, ಲುವಾ ನಮ್ಮ ಹಾಗೆ 1ರಿಂದ ಎಣಿಸುತ್ತದೆ.

ಮೊದಲ ದಿನ 17ರ ಮಗ್ಗಿ ಬರೆಸಲು ಹೊರಟೆ. 1ರಿಂದ 10ರವರೆಗೆ ಎಣಿಸು, ಪ್ರತಿ ಸಲವೂ 17ರಿಂದ ಗುಣಿಸಿ ತೋರಿಸು. ಮೂರೇ ಸಾಲಿನ ಕೆಲಸ. ಓಡಿಸಿದರೆ ಮಗ್ಗಿಯ ಬದಲು ದೂರು ಬಂತು: ಮೊದಲ ಸಾಲಿನ 'ಫಾರ್' ಮುಗಿಸಲು 'ಎಂಡ್' ಬೇಕಂತೆ. ಹಾಕಿದೆ. ಮತ್ತೆ ದೂರು. 'ಪ್ರಿಂಟ್' ಪದದಲ್ಲಿ ಒಂದಕ್ಷರ ನುಂಗಿದ್ದೆ.

"ತಾತ, ನೀವೂ ತಪ್ಪು ಮಾಡ್ತೀರಾ?" ಎಂದು ಅವಳು ಕಣ್ಣರಳಿಸಿದಳು. ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು ತಾನೇ ತಿದ್ದಿದಳು. 17, 34, 51... 170ರವರೆಗೆ ಸರಸರನೆ ಇಳಿದು ಬಂತು. ಇಬ್ಬರೂ ಚಪ್ಪಾಳೆ ತಟ್ಟಿದೆವು.

ಆ ಯಂತ್ರ ಗದರಲಿಲ್ಲ, ಅಂಕ ಕಳೆಯಲಿಲ್ಲ. ಎಡವಟ್ಟು ಯಾವ ಸಾಲಿನಲ್ಲಿ ಎಂದು ಹೇಳಿ ಸುಮ್ಮನೆ ಕಾಯಿತು. ಮೂವತ್ತು ವರ್ಷದಲ್ಲಿ ನಾನು ಹಾಗೆ ಎಷ್ಟು ಮಕ್ಕಳಿಗಾಗಿ ಕಾದಿದ್ದೇನೆ?

ಅಂದು ಸಂಜೆ ಅವಳು ಲೆಕ್ಕದ ಪುಸ್ತಕ ಹಿಡಿದು ಬಂದಳು. "ತಾತ, ಭಿನ್ನರಾಶಿ ಬರ್ತಾ ಇಲ್ಲ." ನಾನು ಪೆನ್ನು ತೆಗೆಯಲಿಲ್ಲ. "ಈ ಸಾಲು ಇನ್ನೊಮ್ಮೆ ನೋಡು ಪುಟ್ಟಿ" ಎಂದು ಬೆರಳಿಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಅವಳೇ ಕಂಡುಕೊಂಡಳು.

ಮಕ್ಕಳೇ, ನೀವೂ ಒಂದು ಪುಟ್ಟ ಭಾಷೆ ಆರಿಸಿಕೊಳ್ಳಿ. ಮೊದಲ ದಿನವೇ ಒಂದು ಮಗ್ಗಿ ಬರೆಸಲು ಬಂದರೆ ಸಾಕು. ಪಕ್ಕದಲ್ಲಿ ತಾತನನ್ನೋ ಅಜ್ಜಿಯನ್ನೋ ಕೂರಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಅವರೂ ಒಂದೆರಡು ತಪ್ಪು ಮಾಡಲಿ!